ಹಿಡಿದು ಬಿಡುವ ಅಂಟು

ಅದು ರಾಗಿಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಡಾಕ್ಟರು ಚಿಮಟದ ತುದಿಯಲ್ಲಿ ಎತ್ತಿ ಹತ್ತಿಯ ಮೇಲಿಟ್ಟಾಗ, ಮರದ ತೊಗಟೆಯಲ್ಲಿ ಒಣಗಿ ನಿಂತ ಗೋಂದಿನ ಚೂರನ್ನು ನೋಡಿದ ಹಾಗಾಯಿತು. ಒಂದು ಬದಿ ಉಬ್ಬಿತ್ತು, ಇನ್ನೊಂದು ಬದಿ ತಗ್ಗಾಗಿತ್ತು, ಅಂಚು ಒರಟಾಗಿತ್ತು. ಏಳು ವಾರ ಅದು ನನ್ನ ಚಿಕ್ಕಪ್ಪನ ಬಲಗಣ್ಣಿನ ಮೇಲೆ ಕೂತು, ಒಳಗಿನ ನೀರು ಹೊರಗೆ ಸೋರದಂತೆ, ಹೊರಗಿನ ಕೊಳೆ ಒಳಗೆ ಇಳಿಯದಂತೆ ಕಾವಲು ಕಾದಿತ್ತು. ಅದನ್ನು ಯಾರೂ ಕೀಳಲಿಲ್ಲ. ಅದರ ಅಡಿಯಲ್ಲಿ ಕಣ್ಣು ತನ್ನ ಹೊಸ ಪದರವನ್ನು ನೇಯ್ದುಕೊಳ್ಳುತ್ತ ಬಂದು, ಕೆಲಸ ಮುಗಿದ ಮೇಲೆ ಮೆಲ್ಲಗೆ ಅದನ್ನು ಹೊರಕ್ಕೆ ನೂಕಿತ್ತು. ಮೇಲೆ ಹೊದಿಸಿದ್ದ ಮೆತ್ತನೆಯ ಲೆನ್ಸ್ ತೆಗೆದಾಗ ಅದರ ಜೊತೆಗೇ ಬಂದುಬಿಟ್ಟಿತು, ಹಣ್ಣೆಲೆ ತೊಟ್ಟು ಕಳಚಿಕೊಂಡ ಹಾಗೆ.

ಎಲ್ಲ ಶುರುವಾದದ್ದು ಸುಗ್ಗಿಯಲ್ಲಿ. ಕಣದಲ್ಲಿ ಒಕ್ಕಣೆ ನಡೆದಿತ್ತು. ಯಂತ್ರದ ಬಾಯಿಂದ ಹಾರಿದ ಭತ್ತದ ಹೊಟ್ಟಿನ ಚೂರೊಂದು ಚಿಕ್ಕಪ್ಪನ ಕಣ್ಣಿಗೆ ಬಡಿಯಿತು. ಕಣದ ಕಣ ಕಣ್ಣಿಗೆ ಬೀಳುವುದು ನಮ್ಮ ಕಡೆ ಸುದ್ದಿಯೇ ಅಲ್ಲ. ಉಜ್ಜಿಕೊಂಡರು, ನೀರು ಎರಚಿಕೊಂಡರು, ರಾತ್ರಿ ನಂದಿಬಟ್ಟಲು ಹೂವಿನ ರಸ ಬಿಟ್ಟುಕೊಂಡರು. ನಾಲ್ಕನೆಯ ದಿನಕ್ಕೆ ಕಣ್ಣು ಕೆಂಡವಾಗಿ, ಕರಿಗುಡ್ಡೆಯ ನಡುವೆ ಬಿಳಿ ಚುಕ್ಕಿಯೊಂದು ಮೂಡಿತು. ಹೊಟ್ಟಿನ ಜೊತೆ ಬಂದ ಬೂಷ್ಟು ಒಳಗೆ ಬೇರೂರಿತ್ತು. ದಕ್ಷಿಣ ಭಾರತದ ರೈತರ ಕಣ್ಣಿನಲ್ಲಿ ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಬೂಷ್ಟುಗಳು ಎಬ್ಬಿಸುವ ಹುಣ್ಣು ಇಲ್ಲಿಯ ಕಣ್ಣಿನ ವೈದ್ಯರಿಗೆ ಹಳೆಯ ಪರಿಚಯ. ಔಷಧಿಯ ಹನಿ ಬೀಳುತ್ತಲೇ ಇತ್ತು. ಆದರೂ ಒಂದು ಬೆಳಗಿನ ಜಾವ ಕೆನ್ನೆಯ ಮೇಲೆ ಬೆಚ್ಚಗಿನ ನೀರು ಇಳಿದ ಹಾಗಾಗಿ ಎಚ್ಚರವಾಯಿತಂತೆ. ಅತ್ತಿರಲಿಲ್ಲ. ಹುಣ್ಣು ಕಣ್ಣಿನ ಮುಂದಿನ ತಿಳಿ ಪೊರೆಯಾದ ಕಾರ್ನಿಯಾವನ್ನು ತೂತು ಮಾಡಿ ಕಣ್ಣಿನ ಒಳನೀರು ಸೋರತೊಡಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಸೂಕ್ಷ್ಮದರ್ಶಕದ ಪಕ್ಕದ ಕೊಳವೆಯಿಂದ ನನಗೂ ನೋಡಲು ಬಿಟ್ಟರು. ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ ನೀಲಿ ಬೆಳಕು ಬಿಟ್ಟರು. ಕಾರ್ನಿಯಾದ ಮೇಲೆ ಹರಡಿದ ಬಣ್ಣದ ನಡುವೆ ಒಂದು ಪುಟ್ಟ ಹಸಿರು ತೊರೆ ಹೊಳೆಯುತ್ತ ಕೆಳಕ್ಕೆ ಹರಿಯಿತು. ಸೋರಿಕೆ ಪತ್ತೆ ಮಾಡುವ ಸೈಡೆಲ್ ಪರೀಕ್ಷೆ ಎಂದರೆ ಇದೇ. ಬಂಡೆಯ ಬಿರುಕಿನಿಂದ ಒರತೆ ಜಿನುಗುವುದನ್ನು ಕಂಡವರಿಗೆ ಆ ನೋಟ ಮರೆಯಲಾಗದು. ಆದರೆ ಇಲ್ಲಿ ಜಿನುಗುತ್ತಿದ್ದದ್ದು ಒಬ್ಬ ಮನುಷ್ಯನ ನೋಟವೇ. ಆಮೇಲೆ ಅವರು ಕಣ್ಣನ್ನು ಮರಗಟ್ಟಿಸಿ, ತೂತಿನ ಸುತ್ತಲ ಕೊಳೆತ ಅಂಗಾಂಶವನ್ನು ಹೆರೆದು, ಈಟಿಯ ಮೊನೆಯಂಥ ಸ್ಪಂಜಿನಿಂದ ಮತ್ತೆ ಮತ್ತೆ ಒತ್ತಿ ಒಣಗಿಸಿದರು. ಕೂದಲೆಳೆಯಂಥ ಸೂಜಿಯ ತುದಿಯಿಂದ ಒಂದೇ ಒಂದು ಹನಿ ಅಂಟು. ಹೊಳೆಯುತ್ತಿದ್ದ ಹನಿ ನೋಡನೋಡುತ್ತ ಮಂಕಾಗಿ ಗಟ್ಟಿಯಾಯಿತು. ಮತ್ತೆ ಬಣ್ಣ, ಮತ್ತೆ ನೀಲಿ ಬೆಳಕು. ಹಸಿರು ತೊರೆ ನಿಂತಿತ್ತು. ಒರಟಾದ ಅಂಟು ರೆಪ್ಪೆಯನ್ನು ಗೀರದಿರಲೆಂದು ಮೇಲೊಂದು ಮೆತ್ತನೆಯ ಲೆನ್ಸ್ ಹೊದಿಸಿ, "ಇನ್ನು ಕಾಯೋಣ" ಎಂದರು.

ಆ ಏಳು ವಾರ ಕಾಯುತ್ತ ನಾನು ಕಾರ್ನಿಯಾದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಬೆರಗು ಹೆಚ್ಚಿತು. ಕರಿಗುಡ್ಡೆಯ ಮುಂದಿರುವ ಈ ಕಿಟಕಿಯ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್. ಅಷ್ಟರಲ್ಲೇ 200ಕ್ಕೂ ಹೆಚ್ಚು ಪದರಗಳ ನೇಯ್ಗೆ. ರಕ್ತನಾಳ ಒಂದೂ ಇಲ್ಲ. ಇದ್ದರೆ ಬೆಳಕಿಗೆ ಅಡ್ಡಿ. ಹಾಗಾಗಿ ಕಣ್ಣು ಬಿಟ್ಟಿರುವಾಗ ಅದು ಬೇಕಾದ ಆಮ್ಲಜನಕವನ್ನು ನೇರ ಗಾಳಿಯಿಂದಲೇ, ಕಣ್ಣೀರಿನ ತೆಳು ಪೊರೆಯ ಮೂಲಕ ಹೀರಿಕೊಳ್ಳುತ್ತದೆ. ಕಾರ್ನಿಯಾವೂ ಅದರ ಸುತ್ತಲ ಬಿಳಿಗುಡ್ಡೆಯೂ ಬಹುಪಾಲು ಒಂದೇ ನೂಲಿನಿಂದ, ಕೊಲಾಜನ್ ಎಂಬ ಎಳೆಗಳಿಂದ ಆದದ್ದು. ಎಳೆಗಳು ಒಂದೇ ಗಾತ್ರದಲ್ಲಿ, ಒಂದೇ ಅಂತರದಲ್ಲಿ ಸಾಲುಗಟ್ಟಿದ ಕಡೆ ಕಿಟಕಿಯಾಯಿತು. ಅಡ್ಡಾದಿಡ್ಡಿ ಹೆಣೆದುಕೊಂಡ ಕಡೆ ಗೋಡೆಯಾಯಿತು. ಈ ಗುಟ್ಟನ್ನು 1957ರಲ್ಲಿ ಡೇವಿಡ್ ಮಾರಿಸ್ ಎಂಬ ವಿಜ್ಞಾನಿ ವಿವರಿಸಿದರು. ಒಂದೇ ನೂಲು, ಒಂದೇ ಮಗ್ಗ. ಶಿಸ್ತಾಗಿ ನೇಯ್ದಲ್ಲಿ ಬೆಳಕು ಹಾಯುತ್ತದೆ.

ಇಂಥ ನೇಯ್ಗೆಯಲ್ಲಿ ತೂತು ಬಿದ್ದರೆ ಹೊಲಿಯಬಹುದು. ತಲೆಗೂದಲಿಗಿಂತ ಸಪೂರವಾದ ನೈಲಾನ್ ದಾರ ಅದಕ್ಕೆಂದೇ ಇದೆ. ಆದರೆ ಹೊಲಿಗೆಯೆಂದರೆ ಗಾಯದ ಪಕ್ಕದಲ್ಲಿ ಮತ್ತಷ್ಟು ಗಾಯ. ದಾರ ಬಿಗಿದಷ್ಟೂ ಕಿಟಕಿಯ ಬಾಗು ಕೆಟ್ಟು ನೋಟ ಸೊಟ್ಟಗಾಗುತ್ತದೆ. ಹುಣ್ಣಿನಿಂದ ಕೊಳೆತ ಅಂಚಿಗಂತೂ ದಾರ ನಿಲ್ಲುವುದೇ ಇಲ್ಲ. ನೆನೆದ ಕಾಗದಕ್ಕೆ ಹೊಲಿಗೆ ಹಾಕಿದ ಹಾಗೆ. ಅಂಥ ಕಡೆ ಬೇಕಾದದ್ದು ಅಂಟು. ಅದೂ ಸದಾ ಒದ್ದೆಯಾಗಿರುವ, ಸದಾ ಮಿಟುಕುವ, ಒಳಗಿನಿಂದ ನೀರು ಒತ್ತುತ್ತಿರುವ ಜಾಗದಲ್ಲಿ ಹಿಡಿಯುವ ಅಂಟು.

ಆ ಅಂಟು ಬಂದ ದಾರಿ ವಿಚಿತ್ರ. 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಎಂಬ ರಸಾಯನ ವಿಜ್ಞಾನಿ ಬಂದೂಕಿನ ಗುರಿಗಾಜಿಗಾಗಿ ತಿಳಿಯಾದ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಸಯನೋಅಕ್ರಿಲೇಟ್ ಎಂಬ ವಸ್ತುಗಳ ಗುಂಪು ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುವ ಪೀಡೆಯೆಂದು ಅದನ್ನು ಬದಿಗಿಟ್ಟರು. 1951ರಲ್ಲಿ ಅದೇ ಕಂಪನಿಯಲ್ಲಿ ಪರೀಕ್ಷೆಯ ಹೊತ್ತಿಗೆ ಬೆಲೆಬಾಳುವ ಉಪಕರಣವೊಂದರ ಎರಡು ಗಾಜಿನ ಪಟ್ಟಕಗಳು ಬಿಡಿಸಲಾಗದಂತೆ ಅಂಟಿಕೊಂಡಾಗ, ದೋಷವೇ ಗುಣವೆಂದು ಹೊಳೆಯಿತು. 1958ರಲ್ಲಿ 'ಈಸ್ಟ್‌ಮನ್ 910' ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ನಮ್ಮ ಮನೆಗಳಲ್ಲಿ ಒಡೆದ ಬಳೆ, ಕಿತ್ತ ಚಪ್ಪಲಿ ಹಿಡಿಸುವ ಫೆವಿಕ್ವಿಕ್ ಇದೇ ಕುಲದ್ದು. ಈ ಅಂಟು ಗಟ್ಟಿಯಾಗುವುದಕ್ಕೆ ಬೇಕಾದದ್ದು ಎಳ್ಳಷ್ಟು ತೇವ. ಇಡೀ ಲೋಕದಲ್ಲಿ ಎಲ್ಲಿ ಮುಟ್ಟಿದರೂ ತೇವದ ಪಸೆ ಇದ್ದೇ ಇರುವುದರಿಂದ ಅದು ಎಲ್ಲಕ್ಕೂ ಅಂಟುತ್ತದೆ. ಕಣ್ಣಿನಲ್ಲಂತೂ ತೇವಕ್ಕೆ ಬರವೇ? ತೀರಾ ಹೆಚ್ಚಾಗದಂತೆ ಒರೆಸಿಕೊಂಡರೆ ಸಾಕು. ಬಂದೂಕಿನ ಗುರಿ ಹಿಡಿಯುವ ಕಣ್ಣಿಗಾಗಿ ಹುಡುಕಿದ್ದು, ಒಕ್ಕಣೆಯ ಕಣದಲ್ಲಿ ಗಾಯಗೊಂಡ ಕಣ್ಣಿಗೆ ಒದಗಿತು.

ಅಂಗಡಿಯ ಅಂಟು ಮಾತ್ರ ಕಣ್ಣಿಗೆ ಅಪಾಯ. ಅದನ್ನು ಕಣ್ಣಿನ ಹನಿಯೆಂದು ತಪ್ಪಿ ಬಿಟ್ಟುಕೊಂಡು ಆಸ್ಪತ್ರೆಗೆ ಓಡಿಬರುವವರಿದ್ದಾರೆ. ಈ ಅಣುವಿಗೆ ಒಂದು ಬಾಲವಿದೆ. ಬಾಲ ಗಿಡ್ಡವಾಗಿದ್ದಷ್ಟೂ ಅಂಟು ದೇಹದೊಳಗೆ ಬೇಗ ಮುರಿದು ಫಾರ್ಮಾಲ್ಡಿಹೈಡಿನಂಥ ವಿಷವನ್ನು ಬಿಡುತ್ತದೆ. ಉದ್ದವಾದಷ್ಟೂ ನಿಧಾನವಾಗಿ ಕರಗುತ್ತದೆ, ಅಂಗಾಂಶ ಸಹಿಸಿಕೊಳ್ಳುತ್ತದೆ. 1963ರಲ್ಲಿ ಬ್ಲೂಮ್‌ಫೀಲ್ಡ್ ಮತ್ತು ಸಂಗಡಿಗರು ಈಸ್ಟ್‌ಮನ್ 910 ಅನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಸುವ ಬಗ್ಗೆ ಬರೆದರು. 1968ರಲ್ಲಿ ಬಾಸ್ಟನ್ನಿನ ಕ್ಲೇಸ್ ಡೋಲ್ಮನ್, ಮಿಗೆಲ್ ರೆಫೋಜೊ ಮತ್ತು ಜೊತೆಗಾರರು ತೂತು ಬಿದ್ದ ಎರಡು ಮನುಷ್ಯ ಕಾರ್ನಿಯಾಗಳನ್ನು ಅಂಟಿನಿಂದ ಮುಚ್ಚಿದ್ದನ್ನು ಪ್ರಕಟಿಸಿದರು. 2003ರಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯವರು ಬೂಷ್ಟಿನ ಹುಣ್ಣುಗಳ ಮೇಲೆ ಉದ್ದ ಬಾಲದ ಬ್ಯುಟೈಲ್ ಅಂಟನ್ನು ಬಳಸಿದ ತಮ್ಮ ಅನುಭವವನ್ನು ಬರೆದರು. ಚಿಕ್ಕಪ್ಪನ ಕಣ್ಣಿನ ಹನಿಯ ವಂಶಾವಳಿ ಇದು. ಇದರಲ್ಲಿ ಒಂದು ಹೆಸರು ಬಿಟ್ಟುಹೋಗಿದೆ. ಯಾವ ಬಾಲ ಸುಡುತ್ತದೆ, ಯಾವುದನ್ನು ಕಣ್ಣು ತಾಳುತ್ತದೆ ಎಂದು ಮೊದಲು ತಿಳಿಸಿಕೊಟ್ಟದ್ದು ಮೊಲ.

ಮೊಲದ ಋಣ ಇನ್ನೂ ಹಿಂದಕ್ಕೆ ಹೋಗುತ್ತದೆ. ನಮ್ಮ ಬೆರಳು ಕೊಯ್ದಾಗ ರಕ್ತ ಹೆಪ್ಪುಗಟ್ಟುವುದು ಫೈಬ್ರಿನ್ ಎಂಬ ನಾರಿನಿಂದ. ಅದು ಮೈಯೊಳಗೇ ಹುಟ್ಟುವ ಅಂಟು. 1940ರಲ್ಲಿ ಜೆ.ಝಡ್. ಯಂಗ್ ಮತ್ತು ಪೀಟರ್ ಮೆಡಾವರ್, ತುಂಡಾದ ನರಗಳನ್ನು ಹೊಲಿಗೆಯಿಲ್ಲದೆ ರಕ್ತದ ಈ ಅಂಟಿನಿಂದಲೇ ಕೂಡಿಸಿದರು, ಮೊಲಗಳಲ್ಲಿ. 1946ರಲ್ಲಿ ಕ್ಯಾಟ್ಜಿನ್ ಎಂಬುವರು ಕಸಿ ಮಾಡಿದ ಕಾರ್ನಿಯಾವನ್ನು ಫೈಬ್ರಿನ್ನಿನಿಂದ ಕೂರಿಸಿದರು, ಅದೂ ಮೊಲದ ಕಣ್ಣಿನಲ್ಲೇ. ಇಂದು ಕಣ್ಣಿನ ಮೇಲೆ ಬೆಳೆದ ಮಾಂಸದ ಪೊರೆಯನ್ನು ತೆಗೆದು ಆ ಜಾಗಕ್ಕೆ ತೇಪೆ ಹಾಕುವಾಗ ನಮ್ಮ ಊರುಗಳಲ್ಲೂ ಈ ಅಂಟನ್ನು ಬಳಸುತ್ತಾರೆ. ಚಂಡೀಗಢದ ವೈದ್ಯರು ಎರಡೂ ಬಗೆಯ ಅಂಟನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ 2003ರಲ್ಲಿ ಬರೆದರು: ತೂತು ಮುಚ್ಚುವ ಕೆಲಸ ಎರಡೂ ಮಾಡುತ್ತವೆ, ಆದರೆ ಫೈಬ್ರಿನ್ ಹಚ್ಚಿದ ಕಣ್ಣು ಬೇಗ ಮಾಯುತ್ತದೆ, ಬೇಡದ ರಕ್ತನಾಳ ಅಲ್ಲಿ ಕಡಿಮೆ ಬೆಳೆಯುತ್ತದೆ. ತನ್ನದೇ ಅಂಟನ್ನು ಮೈ ಗುರುತಿಸುತ್ತದೆ.

ಈ ಕಥೆಯನ್ನೆಲ್ಲ ಊರಿಗೆ ಹೋಗುವ ಬಸ್ಸಿನಲ್ಲಿ ಚಿಕ್ಕಪ್ಪನಿಗೆ ಹೇಳಿದೆ. ಬಂದೂಕು, ಅಂಟಿಕೊಂಡ ಗಾಜು, ಮೊಲ. ಕಾಗದದಲ್ಲಿ ಮಡಚಿ ತಂದಿದ್ದ ಅಂಟಿನ ಚೂರು ಅವರ ಜೇಬಿನಲ್ಲಿತ್ತು. ಬಹಳ ಹೊತ್ತು ಕಿಟಕಿಯ ಆಚೆ ನೋಡುತ್ತ ಕೂತಿದ್ದವರು ಕೇಳಿದರು: "ಆ ಮೊಲಗಳ ಕಣ್ಣು ವಾಸಿ ಆಯ್ತಾ?"

"ಬಹಳಷ್ಟು ವಾಸಿಯಾದವು" ಎಂದೆ. ಅದು ಅರ್ಧ ಉತ್ತರ.

ಇನ್ನರ್ಧ ಹೀಗಿದೆ. ಇಂಥ ಪ್ರಯೋಗಗಳಲ್ಲಿ ಪ್ರಾಣಿಗೆ ಅರಿವಳಿಕೆ ಕೊಟ್ಟು, ಕಾರ್ನಿಯಾದಲ್ಲಿ ಅಳತೆಯ ಗಾಯವೊಂದನ್ನು ಮಾಡಿ, ಅಂಟು ಹಚ್ಚುತ್ತಾರೆ. ದಿನ ಬಿಟ್ಟು ದಿನ ಬೆಳಕು ಬಿಟ್ಟು ನೋಡುತ್ತಾರೆ: ಸೋರುತ್ತಿದೆಯೇ, ಕೆಂಪಾಗಿದೆಯೇ, ಮಂಜಾಗಿದೆಯೇ. ಗಾಯ ಮಾಯುತ್ತದೆ. ಆಮೇಲೆ, ಮಾಯ್ದದ್ದು ಹೇಗೆಂದು ತಿಳಿಯಲು ಕಣ್ಣನ್ನು ಪದರ ಪದರವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗಿಡಬೇಕು. ಅದಕ್ಕಾಗಿ ಮೊಲ ಸಾಯಬೇಕು. ವಾಸಿಯಾದ ಕಣ್ಣಿನಿಂದ ಅದು ನೋಡಿದ್ದು ಕೆಲವು ದಿನ, ಕೆಲವು ವಾರ.

ಮೊಲವೇ ಏಕೆ? ಮೈಗೆ ಹೋಲಿಸಿದರೆ ಅದರ ಕಣ್ಣು ದೊಡ್ಡದು. ಕಾರ್ನಿಯಾದ ಅಗಲ ನಮ್ಮದಕ್ಕಿಂತಲೂ ಹೆಚ್ಚು. ಸಾಧು ಪ್ರಾಣಿ, ಹಿಡಿದರೆ ಕೂತಿರುತ್ತದೆ. ರೆಪ್ಪೆ ಮಿಟುಕಿಸುವುದು ತೀರಾ ಅಪರೂಪ, ಗಂಟೆಗೆ ಹತ್ತು ಹನ್ನೆರಡು ಸಲ. ಹದ್ದು, ನರಿ ಎಲ್ಲಿಂದ ಬಂದೀತೆಂದು ಸದಾ ತೆರೆದಿಟ್ಟುಕೊಳ್ಳಲು ಸೃಷ್ಟಿ ಕೊಟ್ಟ ಕಣ್ಣು, ತೆರೆದಿರುತ್ತದೆಂಬ ಕಾರಣಕ್ಕೇ ನಮ್ಮ ಕೈಗೆ ಸಿಕ್ಕಿತು. ನಮಗಿಲ್ಲದ ಒಂದು ವರವೂ ಅದಕ್ಕಿದೆ. ಕಾರ್ನಿಯಾದ ಅತಿ ಒಳಗಿನ ಜೀವಕೋಶಗಳ ಹಾಸು ಕೆಟ್ಟರೆ ಮನುಷ್ಯನಲ್ಲಿ ಹೊಸದಾಗಿ ಹುಟ್ಟುವುದಿಲ್ಲವೆಂದೇ ಹೇಳಬೇಕು, ಮೊಲದಲ್ಲಿ ಹುಟ್ಟುತ್ತದೆ. ಅದಕ್ಕೇ ಮೊಲದ ಕಣ್ಣು ಮಾಯ್ದ ಮಾತ್ರಕ್ಕೆ ನಮ್ಮದೂ ಮಾಯುತ್ತದೆಂದು ವಿಜ್ಞಾನಿ ನಂಬುವಂತಿಲ್ಲ. ಪರೀಕ್ಷೆಗೊಡ್ಡಿಕೊಂಡ ಜೀವ ನಮಗಿಂತ ಚೆನ್ನಾಗಿ ಮಾಯಬಲ್ಲದ್ದು ಎಂಬುದು ನನ್ನನ್ನು ಕಲಕುತ್ತದೆ.

ಇದೇ ಕಣ್ಣಿನ ಮೇಲೆ ಮನುಷ್ಯ ಹಗುರ ಕಾರಣಕ್ಕೂ ಕೈಮಾಡಿದ್ದಾನೆ. 1944ರಿಂದ ಡ್ರೇಜ್ ಪರೀಕ್ಷೆಯ ಹೆಸರಿನಲ್ಲಿ ಶಾಂಪೂ, ಕಾಡಿಗೆಯಂಥ ಸರಕುಗಳನ್ನು ಮೊಲದ ಕಣ್ಣಿಗೆ ಬಿಟ್ಟು ಎಷ್ಟು ಉರಿಯುತ್ತದೆಂದು ಅಳೆದರು. 1980ರಲ್ಲಿ ಹೆನ್ರಿ ಸ್ಪೈರಾ ಅಮೆರಿಕದ ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ಅದನ್ನು ಪ್ರಶ್ನಿಸಿದ ಮೇಲೆ ಲೋಕ ಎಚ್ಚೆತ್ತಿತು. ನಮ್ಮಲ್ಲಿ ನೃತ್ಯಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದದ್ದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. 2014ರಲ್ಲಿ ಭಾರತ ಸೌಂದರ್ಯ ಸಾಧನಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದನ್ನೇ ನಿಷೇಧಿಸಿತು. ಕಾಡಿಗೆಗಾಗಿ ಕುರುಡಾದ ಮೊಲವೂ ತೂತುಬಿದ್ದ ಕಣ್ಣಿನ ಅಂಟಿಗಾಗಿ ಗಾಯಗೊಂಡ ಮೊಲವೂ ಮೊಲದ ಮಟ್ಟಿಗೆ ಒಂದೇ. ಎರಡರ ನಡುವಿನ ಗೆರೆ ನಮ್ಮ ಮನಸ್ಸಿನಲ್ಲಿದೆ. ಆ ಗೆರೆಯನ್ನು ದಿನವೂ ಹೊಸದಾಗಿ, ಕೈ ನಡುಗುತ್ತಲೇ ಎಳೆಯಬೇಕು.

ಕಣ್ಣಿನ ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ಜಿಂಕೆಯ ಕಥೆಯಿದೆ. ಐರ್ಲೆಂಡಿನ ವೈದ್ಯ ಸ್ಯಾಮ್ಯುಯೆಲ್ ಬಿಗ್ಗರ್ ಈಜಿಪ್ಟಿನಲ್ಲಿ ಅಲೆಮಾರಿಗಳ ಸೆರೆಯಲ್ಲಿದ್ದಾಗ, ಅಲ್ಲಿದ್ದ ಒಂದು ಸಾಕಿದ ಗಜೆಲ್ ಜಿಂಕೆಯ ಕಣ್ಣು ಹೋಗಿತ್ತು. ಗಾಯಗೊಂಡು ಬಂದ ಇನ್ನೊಂದು ಜಿಂಕೆಯ ಕಾರ್ನಿಯಾ ತೆಗೆದು ಇದಕ್ಕೆ ಕಸಿ ಮಾಡಿದರು. ಹತ್ತು ದಿನಕ್ಕೆ ಜಿಂಕೆಗೆ ನೋಟ ಬಂತೆಂದು 1837ರಲ್ಲಿ ಬರೆದರು. ಮನುಷ್ಯನ ಕಣ್ಣಿನಲ್ಲಿ ಅಂಥ ಕಸಿ ಮೊದಲು ಫಲಿಸಿದ್ದು 1905ರಲ್ಲಿ, ಎಡ್ವರ್ಡ್ ಜಿರ್ಮ್ ಅವರ ಕೈಯಲ್ಲಿ. ಸೆರೆಯಾಳಾಗಿದ್ದವನು ಇನ್ನೊಂದು ಮೂಕಜೀವದ ಕತ್ತಲನ್ನು ಕಂಡು ಮರುಗಿದ್ದು, ಪ್ರಾಣಿಯ ಕಣ್ಣನ್ನು ಪ್ರಾಣಿಗಾಗಿಯೇ ಸರಿಮಾಡಿದ್ದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅಂಟಿನ ವಿಷಯದಲ್ಲೂ ಸ್ವಲ್ಪ ಹಾಗಾಗಿದೆ. ಇಂದು ಪಶುವೈದ್ಯರು ನಾಯಿ, ಬೆಕ್ಕು, ಕುದುರೆಗಳ ಕಾರ್ನಿಯಾದ ಹುಣ್ಣಿಗೆ ಇದೇ ಅಂಟನ್ನು ಹಚ್ಚುತ್ತಾರೆ. ಸಾಲ ತೀರಿಲ್ಲ, ತೀರಿಸುವ ದಾರಿ ಒಂದಿದೆ ಎಂದಾದರೂ ಗೊತ್ತಾಗಿದೆ.

ಚಿಕ್ಕಪ್ಪ ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನಲ್ಲಿ 'ಬೇಡರ ಕಣ್ಣಪ್ಪ' ನೋಡಿದ್ದರಂತೆ. 1954ರ ಆ ಚಿತ್ರದಿಂದಲೇ ರಾಜ್‌ಕುಮಾರ್ ನಾಯಕರಾದದ್ದು. 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದೂ ನಮಗೆಲ್ಲ ಗೊತ್ತು. ಕಣ್ಣಪ್ಪನ ಕಥೆಯಲ್ಲಿ ನಾವು ಬೇಗ ದಾಟಿಹೋಗುವ ಒಂದು ಘಳಿಗೆಯಿದೆ. ಶಿವನ ಕಣ್ಣಿನಿಂದ ರಕ್ತ ಸೋರುವುದನ್ನು ಕಂಡ ಬೇಡ ಒಮ್ಮೆಗೇ ತನ್ನ ಕಣ್ಣು ಕೀಳಲಿಲ್ಲ. ಮೊದಲು ಕಾಡಿಗೆ ಓಡಿ ಸೊಪ್ಪು, ಮೂಲಿಕೆ ತಂದು ಹಿಂಡಿ ನೋಡಿದನೆಂದು ಹೇಳುತ್ತಾರೆ. ನಿಲ್ಲಲಿಲ್ಲ. ಆಮೇಲೆ ಕಣ್ಣಿಗೆ ಕಣ್ಣೇ ಮದ್ದೆಂದು ಬಗೆದ. ದಿನವೂ ಪ್ರಾಣಿಗಳನ್ನು ಬೇಟೆಯಾಡಿ ಬದುಕಿದವನು ಆ ಹೊತ್ತಿಗೆ ಯಾವ ಪ್ರಾಣಿಯ ಕಣ್ಣನ್ನೂ ಹುಡುಕಿಕೊಂಡು ಹೋಗಲಿಲ್ಲ. ತನ್ನದನ್ನೇ ಕೊಟ್ಟ. ಅವನದು ದಾನ. ಮೊಲದ್ದನ್ನು ದಾನವೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ. ಕೇಳದೆ ತೆಗೆದುಕೊಂಡದ್ದಕ್ಕೆ ನಮ್ಮ ಭಾಷೆಯಲ್ಲಿ ಇರುವ ಸಭ್ಯ ಪದ ಒಂದೇ, ಋಣ.

ಋಣದ ಅರಿವಿದ್ದವರು ಕೈ ಹಗುರ ಮಾಡಿಕೊಳ್ಳುತ್ತ ಹೋಗುತ್ತಾರೆ. ಪ್ರಾಣಿಯ ಬದಲಿಗೆ ಬೇರೆ ದಾರಿ ಹುಡುಕು, ಸಂಖ್ಯೆ ಕಡಿಮೆ ಮಾಡು, ನೋವು ಕಡಿಮೆ ಮಾಡು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ 1959ರಲ್ಲೇ ಬರೆದಿಟ್ಟರು. ಕಣ್ಣಿಗೆ ಉರಿ ತರುವ ವಸ್ತುಗಳ ಪರೀಕ್ಷೆಗೆ ಈಗ ಕಸಾಯಿಖಾನೆಯಲ್ಲಿ ಹೇಗೂ ಸತ್ತ ದನಗಳ, ಕೋಳಿಗಳ ಕಣ್ಣನ್ನು ಬಳಸುವ ಒಪ್ಪಿತ ವಿಧಾನಗಳಿವೆ. ಅಂಟುಗಳೂ ಮೃದುವಾಗುತ್ತಿವೆ. 2019ರಲ್ಲಿ ಅಮೆರಿಕದ ಸಂಶೋಧಕರು ಜೆಲಟಿನ್‌ನಿಂದ ಒಂದು ತಿಳಿ ಜೆಲ್ ಮಾಡಿ, ಬರಿಗಣ್ಣಿಗೆ ಕಾಣುವ ಬೆಳಕನ್ನು ಹಾಯಿಸಿಯೇ ಅದನ್ನು ಮೊಲದ ಕಾರ್ನಿಯಾದ ಮೇಲೆ ಗಟ್ಟಿಗೊಳಿಸಿದರು. ಅದರೊಳಗೇ ಹೊಸ ಅಂಗಾಂಶ ಬೆಳೆಯಬಲ್ಲದು. 2017ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಯುದ್ಧದಲ್ಲಿ ಗಾಯಗೊಂಡ ಕಣ್ಣುಗಳಿಗಾಗಿ ಇನ್ನೊಂದನ್ನು ಮಾಡಿದರು. ತಣ್ಣಗಿದ್ದಾಗ ಹರಿಯುತ್ತದೆ; ಕಣ್ಣಿನ ಬಿಸುಪು ತಾಗಿದೊಡನೆ ಗಟ್ಟಿಯಾಗಿ ಗಾಯವನ್ನು ಮುಚ್ಚುತ್ತದೆ. ತೆಗೆಯಬೇಕೆನಿಸಿದರೆ ತಣ್ಣೀರು ಬಿಟ್ಟರೆ ಸಾಕು, ಸಡಿಲವಾಗಿ ಬಂದುಬಿಡುತ್ತದೆ.

ತಣ್ಣೀರಿಗೆ ಬಿಡುವ ಅಂಟು! ಓದುತ್ತ ಓದುತ್ತ ನನಗೆ ಅನಿಸಿದ್ದು ಇದು: ಕಣ್ಣಿಗೆ ಬೇಕಾದ ಅಂಟಿನ ಹುಡುಕಾಟವೆಲ್ಲ ಹಿಡಿಯುವುದರಷ್ಟೇ ಬಿಡುವುದರ ಹುಡುಕಾಟ. ಶಾಶ್ವತವಾಗಿ ಅಂಟಿಕೊಂಡರೆ ಅದೇ ಹೊಸ ಹುಣ್ಣು. ಬೇಗ ಬಿಟ್ಟರೆ ಕಣ್ಣು ಬತ್ತಿಹೋಗುತ್ತದೆ. ಒಳಗಿನ ಜೀವ ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ಹಿಡಿದುಕೊಂಡಿದ್ದು, ಅದು ನೂಕಿದ ದಿನ ತಕರಾರಿಲ್ಲದೆ ಕಳಚಿಕೊಳ್ಳಬೇಕು. ಮಗುವಿಗೆ ನಡಿಗೆ ಕಲಿಸುವ ಬೆರಳಿಗೆ ಈ ಹದ ಗೊತ್ತು. ಗಾಯವನ್ನು ಮಾಯಿಸಿದ್ದು ಅಂಟಲ್ಲ, ಕಣ್ಣೇ. ಅಂಟು ಅದಕ್ಕೆ ಕಾಲಾವಕಾಶ ಕೊಟ್ಟಿತು. ಆ ಕಾಲಾವಕಾಶವನ್ನು ಅಳೆದು ಕೊಟ್ಟ ಮೊಲಗಳಿಗೆ ಮಾತ್ರ ಅದು ಸಿಗಲಿಲ್ಲ.

ಚಿಕ್ಕಪ್ಪನ ಕಣ್ಣಿನಲ್ಲಿ ಈಗ ಒಂದು ಹೂವಿದೆ. ಕಾರ್ನಿಯಾದಲ್ಲಿ ಉಳಿದ ಬಿಳಿ ಕಲೆಗೆ ನಮ್ಮ ಜನ ಹೂವು ಎಂದೇ ಅನ್ನುತ್ತಾರೆ. ಆ ಕಣ್ಣಿನಲ್ಲಿ ಅಕ್ಷರ ಓದಲಾಗುವುದಿಲ್ಲ. ಬಂದವರು ಯಾರೆಂದು ತಿಳಿಯುತ್ತದೆ, ಗದ್ದೆಯ ಬದು ಕಾಣುತ್ತದೆ. ಮರುವರ್ಷದ ಸುಗ್ಗಿಗೆ ಊರಿಗೆ ಹೋದಾಗ ಕಣದಲ್ಲಿದ್ದವರೆಲ್ಲ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡಿದ್ದರು. ಚಿಕ್ಕಪ್ಪ ಪೇಟೆಯಿಂದ ಡಜನ್ ತಂದು, ಹಾಕಿಕೊಳ್ಳದವರಿಗೆ ಕಣಕ್ಕೆ ಇಳಿಯಲು ಬಿಡುತ್ತಿರಲಿಲ್ಲ. ಅಂದು ಸಂಜೆ ಜಗಲಿಯಲ್ಲಿ ಕೂತು, ಬಸ್ಸಿನಲ್ಲಿ ನುಂಗಿಕೊಂಡಿದ್ದ ಉಳಿದರ್ಧ ಉತ್ತರವನ್ನು ಹೇಳಿದೆ. ಅವರು ಎಲೆಯಡಿಕೆ ಹಾಕುವುದನ್ನು ನಿಲ್ಲಿಸಿ ಕೇಳಿದರು. ಏನೂ ಅನ್ನಲಿಲ್ಲ.

ಅವರ ಅಟ್ಟದಲ್ಲಿ ಪ್ರಾಯದ ದಿನಗಳ ಒಂದು ಮೊಲದ ಬಲೆ ನೇತಾಡುತ್ತಿತ್ತು. ಅಜ್ಜ ಸೆಣಬಿನ ಹುರಿಯಲ್ಲಿ ಹೆಣೆದದ್ದು. ಯಾರು ಕೇಳಿದರೂ ಕೊಡುತ್ತಿರಲಿಲ್ಲ. ಮಳೆ ಹಿಡಿದ ಮೇಲೆ ಮತ್ತೆ ಹೋದಾಗ ಅದು ಹಿತ್ತಿಲಿನಲ್ಲಿತ್ತು. ನಾಲ್ಕು ಗೂಟಕ್ಕೆ ಎಳೆದು ಕಟ್ಟಿದ್ದರು. ಹಾಗಲ ಬಳ್ಳಿಯ ಎಳೆಯ ಕುಡಿಯೊಂದು ಅದರ ಕಣ್ಣಿಗೆ ಸುರುಳಿ ಸುತ್ತಿ, ಮುಂದಿನ ಕಣ್ಣಿಗೆ ಕೈ ಚಾಚಿತ್ತು.